ಅವ್ವನ ಬಾಯಿಬೀಗ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಮೊದಲೇ ಹೇಳಿಬಿಡ್ತೀನಿ, ಯಾರಿಗೂ ಏನೂ ಆಗಿಲ್ಲ, ಎದೆ ಹಿಡ್ಕೋಬೇಡ. ಇವರು ಮುಂದೆ ಬೇಕರಿಯಲ್ಲಿದ್ದಾರೆ, ಅತ್ತೆ ಮಲಗಿದ್ದಾರೆ. ಒಲೆಯ ಗೋಡೆ ಕಾದು ಈ ಹಿಂದಿನ ಕೋಣೆ ಬೇಯ್ತಿದೆ. ಆದರೂ ಬಾಗಿಲು ಹಾಕ್ಕೊಂಡೇ ಬರೀತಿದ್ದೀನಿ. ತಪ್ಪಿದ್ದರೆ ತಿದ್ದಿಕೊಂಡು ಓದು, ನನ್ನ ಶಾಲೆ ಐದಕ್ಕೇ ನಿಂತದ್ದು ನಿನಗೆ ಗೊತ್ತಲ್ಲ.

ವಿಷಯ ಮಗಳದ್ದು. ಮೈದುನನ ಹೆಂಡತಿಗೆ ಅವಳಿ ಮಕ್ಕಳಾಗಿವೆ. ನೋಡಿಕೊಳ್ಳೋಕೆ ಇವಳನ್ನ ಶಾಲೆ ಬಿಡಿಸಿ ಅವರ ಊರಿಗೆ ಕಳಿಸಬೇಕಂತೆ. ಮೊನ್ನೆ ಊಟ ಆದಮೇಲೆ ಗಂಡಸರೆಲ್ಲ ಕೂತರು. ಇಲ್ಲಿ ಹೆಂಗಸರನ್ನ ಕೇಳೋ ಪದ್ಧತಿಯೇ ಇಲ್ಲ. ಅವತ್ತು ಮಾವನಿಗೆ ಅದೇನು ತೋಚಿತೋ, ನನ್ನನ್ನೂ ಮಗಳನ್ನೂ ಕರೆಸಿ, ಏನಮ್ಮಾ, ನಿಮ್ಮದೇನಾದರೂ ಹೇಳೋದಿದೆಯಾ ಅಂದರು.

ನಮ್ಮ ಕಡೆ ಗಾಡಿ ಮಾರೋ ಮಾತು ಬಂದಾಗ ಅವ್ವ ಏನು ಮಾಡಿದಳು, ನೆನಪಿದೆಯಾ? ತುಟಿ ಬಿಗಿದು ಕೂತಳು. ಅಪ್ಪ, ಇವಳ ಬಾಯಿಗೆ ಬೀಗ ಬಿತ್ತು, ಏಳ್ರಪ್ಪಾ ಅಂತ ನಕ್ಕು ಬಂದವರನ್ನ ಎಬ್ಬಿಸಿದ. ಗಾಡಿ ಮನೆಯಲ್ಲೇ ಉಳೀತು. ಮನೆಯವಳು ಹೂಂ ಅನ್ನದೆ ನಮ್ಮಲ್ಲಿ ಹುಲ್ಲುಕಡ್ಡಿನೂ ಅಲ್ಲಾಡಲ್ಲ. ನಾನೂ ಹಾಗೇ ಬಿಗಿದು ನಿಂತೆ ಕಣೇ. ಮದುವೆಯಾದಾಗಿಂದ ಮೊದಲನೇ ಸಲ ಕೇಳಿದ್ದರು, ಗಾಬರಿಗೆ ತವರಿನ ಬುದ್ಧಿಯೇ ಬಂತು.

ಮಗಳನ್ನ ಅಡುಗೆಮನೆಯಲ್ಲಿ ಬಿಟ್ಟು ಟೀ ತಗೊಂಡು ಬಂದರೆ, ಮೈದುನ ಎದ್ದು ನಿಂತಿದ್ದ. ಅತ್ತಿಗೆ ಒಪ್ಪಿದ್ದು ದೊಡ್ಡ ಉಪಕಾರ, ರಜೆ ಮುಗಿದು ಶಾಲೆ ಬಾಗಿಲು ತೆಗೆಯೋ ಮುಂಚೆ ಬಂದು ಕರ್ಕೊಂಡು ಹೋಗ್ತೀನಿ ಅಂದ. ಸುಮ್ಮನಿದ್ದರೆ ಇಲ್ಲಿ ಒಪ್ಪಿದ ಹಾಗಂತೆ!

ನಾನು ಬೇಡ ಅಂದಿದ್ದೆ ಅಂತ ಆಮೇಲೆ ಇವರಿಗೆ ಹೇಳಿದೆ. ಯಾವಾಗ ಅಂದೆ, ನನಗೆ ಕೇಳಿಸಲೇ ಇಲ್ಲವಲ್ಲ ಅಂತ ಹಿಟ್ಟು ನಾದುತ್ತಾ ನಕ್ಕರು. ನಮ್ಮಪ್ಪ ಕೇಳಿದಾಗ ಬಾಯಿಬಿಡದೆ ಈಗ ನನ್ನ ಮರ್ಯಾದೆ ತೆಗೀಬೇಡ ಅಂದರು.

ನೀನು ಬಾ. ಬಂದು ಬಾಯಿಬಿಟ್ಟು ಹೇಳು. ಬೇಡ, ಬರಬೇಡ, ತವರನ್ನ ಎತ್ತಿಕಟ್ಟಿದಳು ಅಂತಾರೆ. ಬಂದರೆ ಸುಮ್ಮನೆ ನೋಡಿಕೊಂಡು ಹೋಗೋಕೆ ಬಂದ ಹಾಗೆ ಬಾ. ಬೇಗ ಬಾ.

ನಿನ್ನ ತಂಗಿ
ಪುಟ್ಟಿ

ಬರೆಯದೆ ಬಿಟ್ಟದ್ದು: ಮಗಳೂ ನನ್ನ ಪಕ್ಕ ತುಟಿ ಬಿಗಿದೇ ನಿಂತಿದ್ದಳು. ಅವ್ವನ ಕಥೆ ಹೇಳಿ ಕಲಿಸಿದವಳು ನಾನೇ. ಒಳಗೆ ಬಂದ ಕೂಡಲೇ, ಗೆದ್ವಿ ಅಲ್ವೇನಮ್ಮಾ ಅಂತ ಕತ್ತಿಗೆ ಜೋತುಬಿದ್ದಳು. ಈಗ ಬ್ರೆಡ್ಡು ಸುತ್ತೋ ಕಾಗದದಲ್ಲಿ ಮುಂದಿನ ಕ್ಲಾಸಿನ ಪುಸ್ತಕಗಳಿಗೆ ಬೈಂಡು ಹಾಕ್ತಿದ್ದಾಳೆ. ಅವಳಿಗೆ ನಾನಿನ್ನೂ ಹೇಳಿಲ್ಲ.