ಡೇರೆದಾಗ ಬಿಟ್ಟ ಓಕಾ

ಚಂದ್ರಾ,

ಎಬ್ಬಿಸಿದ್ರ ಅಳ್ತಿದ್ದಿ, ಅದಕ್ಕ ಎಬ್ಬಿಸಲಿಲ್ಲ. ಅಪ್ಪನ ಜೋಡಿ ಕುರಿ ಹೊಡಕೊಂಡು ಗೋದಾವರಿ ಕಡಿ ಹೊಂಟೀನಿ. ನಮ್ಮೂರು ಹಲಬರ್ಗಾದಾಗ ಬಾವಿ ತಳಾ ಕಾಣ್ಲಿಕತ್ತದ, ಏನ್ ಮಾಡ್ಲಿ?

ಕುಂಟ ಕುರಿ ಅಷ್ಟು ದೂರ ನಡಿಯಂಗಿಲ್ಲ, ಹಿತ್ತಲದಾಗ ಕಟ್ಟೀನಿ. ಅಕ್ಕಿ ತೊಳೆದ ನೀರು ಚೆಲ್ಲಬ್ಯಾಡ, ಅದಕ್ಕ ಕುಡಸು.

ನನ್ನ ಮೊಬೈಲ್ ನಿನಗ ಬಿಟ್ಟೀನಿ. ನಮ್ಮ ಗೇಮಿನಾಗ ಕಲ್ಲಿನ ಕಾಲದ ಹೆಂಗಸು ಓಕಾ ಇದ್ದಾಳಲ್ಲ, ಕತ್ತಿ ಇಲ್ಲ, ನಡಿಗಿ ನಿಧಾನ ಅಂತ ಕುಂಟ ಕುರಿ ಬಿಟ್ಟಂಗ ಆಕಿನ್ನ ಡೇರೆದಾಗೇ ಬಿಡ್ತಿದ್ವಿ. ಆಟದ ಮರಳುಗಾಡಿನಾಗ ನಮ್ಮವರೆಲ್ಲಾ ನೀರಿಲ್ಲದ ಸಾಯೋದು ಅದಕ್ಕೇ. ನಿನ್ನೆ ತಿಳೀತು, ನೆಲ ಮೂಸಿ ನೀರು ಹುಡುಕೋದು ಆಕಿ ಒಬ್ಬಾಕಿಗೇ ಬರ್ತದ. ಆಕಿನ್ನೇ ಮುಂದ ನಡಸು. ಕತ್ತಿಯವರು ಹಿಂದ ನಿಧಾನ ಬರಲಿ.

ನೀರು ಸಿಕ್ಕಕೂಡಲೇ ಅಪ್ಪನ ಫೋನಿಗೆ ಹಚ್ಚಿ ಹೇಳು. ಆಟದ ನೀರಾದರೂ ಆಗಲಿ, ಸಿಕ್ತು ಅನ್ನೋದು ಕೇಳಬೇಕು.

ವೈಜಿನಾಥ ಅಣ್ಣ