ಎಂಟನೇ ನಂಬರಿನ ಹೆಸರು

ಲುವಾನ್ಷ, ಎಂಪಟಮಟು ಬಡಾವಣೆ
ಜೂನ್ ೧೪, ಭಾನುವಾರ, ಚರ್ಚಿನಿಂದ ಬಂದ ಮೇಲೆ

ಪ್ರೀತಿಯ ಕಪೆಂಬ್ವಾ,

ಈ ಹೆಸರು ನೋಡಿ ಗಾಬರಿಯಾಗಬೇಡ. ಪಕ್ಕದಲ್ಲಿ ಯಾರಾದರೂ ಇದ್ದರೆ ಆಚೆ ಹೋಗಿ ಓದು. ಎಂಟು ವರ್ಷದ ಮೇಲೆ ಈ ಹೆಸರು ಬರೆಯುತ್ತಿದ್ದೇನೆ. ಪೆನ್ನು ಸ್ವಲ್ಪ ತಡವರಿಸಿತು, ಆಮೇಲೆ ಬರೆಯಿತು.

ಆರೋಗ್ಯವಾಗಿದ್ದೀಯಾ? ನಿನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದ್ದು ನಿನ್ನೆ ನೋಡಿದೆ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂತುಕೊ, ಉಗುರು ಕೀಳೋಕೆ ಮಾತ್ರ ಹೋಗಬೇಡ. ಬೆಳಗ್ಗೆ ಚಳಿ ಜಾಸ್ತಿ, ಕ್ಲಬ್ಬಿನವರು ಕೊಟ್ಟ ಜಾಕೆಟ್ಟನ್ನು ತೋಳು ತೂರಿಸಿ ಹಾಕಿಕೊ, ಶೋಕಿಗೆ ಹೆಗಲ ಮೇಲೆ ಎಸೆದುಕೊಂಡು ಓಡಾಡಬೇಡ. ನಾನು ಚೆನ್ನಾಗಿದ್ದೇನೆ. ಮೆಕ್ಕೆಜೋಳದ ನ್ಶಿಮ ಮುದ್ದೆ ತಿರುವೋದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ನಿಮ್ಮಮ್ಮ ಹೋಗಿ ಎರಡು ವರ್ಷವಾಯಿತು, ನನ್ನ ಹಿಟ್ಟಿನಲ್ಲಿ ಇನ್ನೂ ಗಂಟೇ. ಪಕ್ಕದ ಮನೆಯ ಬಾನಾ ಚೋಲ ಪಾತ್ರೆಯೊಳಗೆ ಇಣುಕಿ, "ಮೇಷ್ಟ್ರೇ, ಇದು ತಿನ್ನೋದೋ, ಗೋಡೆ ಬಿರುಕಿಗೆ ಮೆತ್ತೋದೋ?" ಅಂತ ಕೇಳುತ್ತಾಳೆ. ಕೇಳಿ ನಕ್ಕ ಮೇಲೆ ಒಂದು ಬಟ್ಟಲು ಸೊಪ್ಪಿನ ಪಲ್ಯ ಇಟ್ಟೇ ಹೋಗುತ್ತಾಳೆ, ಅದು ಬೇರೆ ವಿಷಯ.

ಫೋನ್ ಮಾಡಬಹುದಿತ್ತು. ಆದರೆ ನೀವು ನಾಲ್ಕು ಜನ ಒಂದೇ ಕೋಣೆಯಲ್ಲಿದ್ದೀರಿ, ನಿನ್ನ ಫೋನಿನಲ್ಲಿ ನಾನು ಮಾತಾಡಿದರೆ ಎದುರು ಮಂಚದವನು ಉತ್ತರ ಕೊಡುತ್ತಾನೆ. ಅದಕ್ಕೇ ಕಾಗದ. ನಾಳೆ ಎನ್‌ಡೋಲಕ್ಕೆ ಬರುವ ಬಸ್ಸಿನ ಡ್ರೈವರ್ ಮುಸೊಂಡ ನನ್ನ ಹಳೇ ಶಿಷ್ಯ. ನಿನ್ನ ಕೈಗೇ ಕೊಡುತ್ತಾನೆ.

ಫುಟ್‌ಬಾಲ್ ಕ್ಲಬ್ಬಿನ ಒಪ್ಪಂದಕ್ಕೆ ಶುಕ್ರವಾರದೊಳಗೆ ನಾನು ಸಹಿ ಹಾಕಿ ಕೊಡಬೇಕಾದ ಫಾರಂ ಇದೆಯಲ್ಲ, ಅದರ ಬಗ್ಗೆ ಹೇಳಬೇಕು. ನಿನ್ನೆ ಸಹಿ ಹಾಕುವುದಕ್ಕೇ ಬಂದಿದ್ದು. "ಕನ್ನಡಕ ಮರೆತು ಬಂದೆ, ಓದದೆ ಹೇಗೆ ಸಹಿ ಹಾಕಲಿ" ಅಂದೆ. ಕನ್ನಡಕ ಕೋಟಿನ ಜೇಬಿನಲ್ಲೇ ಇತ್ತು ಮಗಾ. ಫಾರಂ ಕೂಡ ಬಸ್ಸಿನಲ್ಲೇ ಎರಡು ಸಲ ಓದಿದ್ದೆ. 'ಐ, ದಿ ಅಂಡರ್‌ಸೈನ್ಡ್' ಅಂತ ಶುರುವಾಗುತ್ತದೆ. ಟೀಚರ್ ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಪತ್ರಲೇಖನ ಕಲಿಸಿದವರು ಈ ಮಾತಿನ ಮೇಲೆ ಒಂದು ಇಡೀ ಗಂಟೆ ಪಾಠ ಮಾಡಿದ್ದರು. ಮಿಕ್ಕದ್ದೆಲ್ಲ ಮರೆತಿದೆ, ಅವರು ಮೇಜು ಕುಟ್ಟಿದ್ದು ನೆನಪಿದೆ: ಕೆಳಗೆ ಸಹಿ ಹಾಕಿದವನು ಮೇಲಿನ ಪ್ರತಿ ಅಕ್ಷರಕ್ಕೂ ಹೊಣೆ. ಮೇಲೆ ಏನಿತ್ತು? 'ನನ್ನ ಮಗ ಮ್ವೆಲ್ವ, ವಯಸ್ಸು ಹದಿನೇಳು.'

ನಿನಗೆ ಇಪ್ಪತ್ತು. ನಿನ್ನ ತಮ್ಮ ಮ್ವೆಲ್ವ ಎರಡೂವರೆ ವರ್ಷಕ್ಕೆ ದಡಾರದಲ್ಲಿ ಹೋದ. ನಿನಗಾಗ ಐದೂವರೆ, ಅವನ ಚಿಕ್ಕ ಪೆಟ್ಟಿಗೆಯ ಹಿಂದೆ ನನ್ನ ಬೆರಳು ಹಿಡಿದು ನಡೆದದ್ದು ನೆನಪಿದೆಯೋ ಇಲ್ಲವೋ. ಕ್ಲಿನಿಕ್ಕಿನಲ್ಲಿ ತೂಕ ಬರೆಯುತ್ತಿದ್ದ ಅವನ ಕಾರ್ಡನ್ನು ನಿಮ್ಮಮ್ಮ ಬೈಬಲ್ಲಿನೊಳಗೆ ಇಟ್ಟಿದ್ದಳು. ನಿನಗೆ ಹನ್ನೆರಡಾದಾಗ ಹತ್ತು ವರ್ಷದೊಳಗಿನವರ ಟೂರ್ನಮೆಂಟು ಬಂತು. ಕೋಚ್ ಸಿಚೋನೆ ಮನೆಗೆ ಬಂದು, "ಮೇಷ್ಟ್ರೇ, ಹುಡುಗ ಸಣಕಲು, ನೋಡಿದರೆ ಒಂಬತ್ತು ಅಂತಾರೆ. ಎಲ್ಲ ತಂಡದಲ್ಲೂ ಮೀಸೆ ಬಂದವರೇ ಆಡ್ತಾರೆ. ಒಂದು ಕಾರ್ಡು ಸಿಕ್ಕಿದ್ರೆ ಸಾಕು" ಅಂದ. ಬೈಬಲ್ಲಿನಿಂದ ಕಾರ್ಡು ತೆಗೆದವನು ನಾನು. ಒಂದೇ ಟೂರ್ನಮೆಂಟು ಅಂದುಕೊಂಡಿದ್ದೆ. ನೀನು ಏಳು ಗೋಲು ಹೊಡೆದೆ. ಆಮೇಲೆ ದೊಡ್ಡ ಶಾಲೆಯವರು ಕರೆದರು, ಅಲ್ಲಿಗೂ ಅದೇ ಕಾರ್ಡು, ಅದೇ ಹೆಸರು. ವರ್ಗಾವಣೆ ಪತ್ರ ಬರೆದ ಕೈ ಯಾವುದು? ಈ ಊರಿನ ಅರ್ಧ ಮಕ್ಕಳಿಗೆ ಅಕ್ಷರ ತಿದ್ದಿಸಿದ ಇದೇ ಕೈ. ಬರಹ ದುಂಡಗೆ ಇತ್ತು, ಯಾರೂ ಎರಡನೇ ಸಲ ನೋಡಲಿಲ್ಲ.

ನಿಮ್ಮಮ್ಮ ಒಬ್ಬಳೇ ನೋಡಿದಳು. ನಮ್ಮಲ್ಲಿ ಹೆಂಗಸಿಗೆ ಮಗುವಿನ ಹೆಸರೇ ಹೆಸರು. ಅವಳು ಬಾನಾ ಕಪೆಂಬ್ವ, ನಾನು ಶಿ ಕಪೆಂಬ್ವ, ಕಪೆಂಬ್ವನ ಅಮ್ಮ, ಕಪೆಂಬ್ವನ ಅಪ್ಪ. ಟೂರ್ನಮೆಂಟಿನ ಕೊನೇ ದಿನ ಬೇರೆ ಬಡಾವಣೆಗಳ ಹೆಂಗಸರು ಅವಳ ಸುತ್ತ ಕುಣಿದು, "ಬಾನಾ ಮ್ವೆಲ್ವ! ಬಾನಾ ಮ್ವೆಲ್ವ! ಎಂಥ ಮಗನ್ನ ಹೆತ್ತೆ ತಾಯಿ!" ಅಂತ ಕೂಗಿದರು. ಅವಳು ನಗುತ್ತಾ ನಿಂತಿದ್ದಳು. ಮನೆಗೆ ಬಂದು ಒಲೆ ಮುಂದೆ ಕೂತು ನನಗೆ ಒಂದೇ ಮಾತು ಕೇಳಿದಳು. "ಆ ಕೂಸಿನ ಹತ್ತಿರ ಹೆಸರೊಂದೇ ಇತ್ತು. ಅದನ್ನೂ ತಗೊಂಡ್ರಾ?" ಆಮೇಲೆ ಕೇಳಲಿಲ್ಲ. ಮೈದಾನಕ್ಕೆ ಬರುವುದನ್ನೂ ಬಿಡಲಿಲ್ಲ. ಆದರೆ ಒಂದು ದಿನವೂ ನಿನ್ನನ್ನು ಅವನ ಹೆಸರಿನಿಂದ ಕೂಗಲಿಲ್ಲ. "ಎಂಟೂ! ಓಡು ಎಂಟೂ!" ಅಂತ ಅಂಗಿಯ ನಂಬರು ಹಿಡಿದು ಕೂಗುತ್ತಿದ್ದಳು. ಜನ ತಮಾಷೆ ಅಂದುಕೊಂಡರು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಮಾತ್ರ ಕಪೆಂಬ್ವ. ನಾನಂತೂ ಎಲ್ಲಿ ಬಾಯಿ ತಪ್ಪುತ್ತದೋ ಅಂತ ಮನೆಯೊಳಗೂ ಆ ಹೆಸರು ಬಿಟ್ಟುಬಿಟ್ಟೆ.

ನಿನ್ನೆ ನೀವು ಅಭ್ಯಾಸ ಶುರು ಮಾಡುವ ಮೊದಲೇ ಬಂದು ತಂತಿ ಬೇಲಿಯ ಹತ್ತಿರ ನಿಂತಿದ್ದೆ. ಚೆಂಡಿನ ಮೂಟೆ ಹೊತ್ತು ಎಲ್ಲರಿಗಿಂತ ಮುಂಚೆ ಬಂದವನು ನೀನು. ಹೊಸಬನಲ್ಲವಾ, ಹೊರಬೇಕು. ಎಂಟು ಜನ ಹಿರಿಯರು ಸುತ್ತ ನಿಂತು ನಿನ್ನನ್ನು ನಡುವೆ ಬಿಟ್ಟು ಚೆಂಡು ಸಿಗದ ಹಾಗೆ ಆಡಿಸಿದರು. ನೋಡಿದರೆ ಅವರು ಓಡುವುದೇ ಇಲ್ಲ, ಚೆಂಡು ಮಾತ್ರ ಓಡುತ್ತದೆ. ಗೋಲ್‌ಕೀಪರ್ ಅಂತೂ, "ಏ ಮರಿ, ಬೆಳಗ್ಗೆ ಹಾಲು ಕುಡ್ಕೊಂಡು ಬಂದ್ಯಾ? ಬಾಟ್ಲಿ ತಂದಿದ್ಯೋ ಇಲ್ವೋ?" ಅಂತ ಗೋಲಿನಿಂದಲೇ ಕಾಡುತ್ತಿದ್ದ. ನೀನು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ, ಕಾಲುಗಳನ್ನಷ್ಟೇ ನೋಡುತ್ತಿದ್ದೆ. ಕೊನೆಗೆ ಕ್ಯಾಪ್ಟನ್ ಕಬಾಸೊನ ಕಾಲಿನಿಂದಲೇ ಚೆಂಡು ಕಸಿದೆಯಲ್ಲ, ಆಗ ಎಲ್ಲರೂ ಹೋ ಅಂದರು, ಗೋಲ್‌ಕೀಪರ್ ಗ್ಲೌಸು ತೆಗೆದು ಚಪ್ಪಾಳೆ ಹೊಡೆದ. ನನಗೂ ತಡೆಯಲಾಗಲಿಲ್ಲ. "ಕಪೆಂಬ್ವಾ!" ಅಂತ ಕೂಗಿಬಿಟ್ಟೆ. ಜೋರಾಗಿಯೇ ಕೂಗಿದೆ. ನೀನು ತಿರುಗಲಿಲ್ಲ. ಅದೇ ಹೊತ್ತಿಗೆ ಕಬಾಸೊ "ಮ್ವೆಲ್ವಾ" ಅಂತ ಮೆಲ್ಲಗೆ ಕರೆದ, ನೀನು ಓಡಿ ಹೋದೆ.

ನನ್ನನ್ನು ಕೇಳಿಸಿಕೊಂಡೂ ತಿರುಗಲಿಲ್ಲವೋ, ಕೇಳಿಸಲೇ ಇಲ್ಲವೋ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಅದು ನಾನೇ ಮಾಡಿದ್ದು.

ಅಭ್ಯಾಸ ಮುಗಿದ ಮೇಲೆ ಕಬಾಸೊ ಮೊಣಕಾಲಿಗೆ ಮಂಜುಗಡ್ಡೆ ಕಟ್ಟಿಕೊಂಡು ಕುಂಟುತ್ತಾ ಬೇಲಿಯ ಹತ್ತಿರ ಬಂದ. ಅವನು ಹೇಳಿದ್ದನ್ನು ನಿನಗೆ ನಿನ್ನೆ ಹೇಳಲಿಲ್ಲ. "ಶಿ ಮ್ವೆಲ್ವ, ನಮಸ್ಕಾರ. ನನಗೆ ಮೂವತ್ತನಾಲ್ಕು, ಈ ಮೊಣಕಾಲಿಗೆ ಅರವತ್ತು" ಅಂತ ನಕ್ಕ. ಆಮೇಲೆ ಅಂದ, "ನಿಮ್ಮ ಹುಡುಗನ್ನ ನಾನು ಅವಸರ ಮಾಡಿಸಲ್ಲ ಅಪ್ಪಾ. ಅವನ ವಯಸ್ಸಿಗೆ ನನ್ನನ್ನ ದೊಡ್ಡವರ ಜೊತೆ ಗುದ್ದಾಡೋಕೆ ಬಿಟ್ರು, ಆಗ ಹೋಗಿದ್ದು ಈ ಕಾಲು. ಹದಿನೇಳರ ಮೂಳೆ ಇನ್ನೂ ಹಸಿ. ಅವನ ಮೇಲೆ ಯಾರೂ ಜೋರಾಗಿ ಬೀಳಕೂಡದು ಅಂತ ಎಲ್ಲರಿಗೂ ಹೇಳಿದೀನಿ. ಈ ಹುಡುಗನಿಗೆ ನಾನು ಜವಾಬ್ದಾರಿ ಅಂತ ಆಫೀಸಿನಲ್ಲೂ ಹೇಳಿ ಬಂದೆ." ನಾನು ಬೇಲಿ ತಂತಿ ಹಿಡಿದುಕೊಂಡು "ದೇವರು ಒಳ್ಳೇದು ಮಾಡಲಿ" ಅಂದೆ. ಕಾಲು ಕಳೆದುಕೊಂಡವನು ನಿನ್ನ ಕಾಲು ಕಾಯುತ್ತಿದ್ದಾನೆ, ಅದೂ ಇಲ್ಲದ ವಯಸ್ಸಿಗೆ. ನನ್ನ ಸುಳ್ಳಿಗೆ ಇಷ್ಟು ದಿನ ನಾನೊಬ್ಬನೇ ಹೊಣೆಯಾಗಿದ್ದೆ. ಈಗ ಅವನೂ ಮಧ್ಯೆ ಬಂದು ನಿಂತಿದ್ದಾನೆ.

ನಿಜ ಹೇಳಿದರೆ ಏನಾಗುತ್ತದೆ ಅಂತ ನನಗೂ ಗೊತ್ತು. ಮನೆಗೆ ಕಳಿಸಬಹುದು. ಒಂದೆರಡು ವರ್ಷ ಎಲ್ಲೂ ಆಡಬೇಡ ಅನ್ನಬಹುದು. ಆರು ವಾರ ಮೂಟೆ ಹೊತ್ತಿದ್ದು, ಮೊದಲ ಒಪ್ಪಂದ, ಎಲ್ಲ ಕೈತಪ್ಪಬಹುದು. ನೀನು ನನ್ನ ಮೇಲೆ ಸಿಟ್ಟಾಗಬಹುದು, ಆಗು. ಆಗ ಹನ್ನೆರಡು ವರ್ಷದ ಮಗು ನೀನು, ಅಪ್ಪ ಹೇಳಿದ ಹೆಸರು ಹೇಳಿದೆ. ನಿನ್ನ ತಪ್ಪು ಇದರಲ್ಲಿ ಒಂದು ಗುಲಗಂಜಿಯಷ್ಟೂ ಇಲ್ಲ.

ಇವತ್ತು ಚರ್ಚಿನಿಂದ ಬರುತ್ತಾ ಸಮಾಧಿಗಳ ಕಡೆ ಹೋಗಿದ್ದೆ. ನಿಮ್ಮಮ್ಮನ ಸುತ್ತ ಹುಲ್ಲು ಕಿತ್ತೆ. ಮ್ವೆಲ್ವನ ಶಿಲುಬೆಯ ಬಣ್ಣ ಪೂರ್ತಿ ಹೋಗಿದೆ, ಅಕ್ಷರ ಕಾಣುವುದಿಲ್ಲ. ಎಂಟು ವರ್ಷದಿಂದ ಬಳಿಯದೆ ಬಿಟ್ಟದ್ದು ನಾನೇ, ಯಾರಾದರೂ ಓದಿಯಾರು ಅಂತ. ನಾಳೆ ಬಳಿಯುತ್ತೇನೆ.

ಕಾಗದದ ಕೊನೆಯಲ್ಲಿ 'ಯುವರ್ಸ್ ಫೇತ್‌ಫುಲಿ' ಯಾರಿಗೆ, 'ಯುವರ್ಸ್ ಟ್ರೂಲಿ' ಯಾರಿಗೆ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಮಗನಿಗೆ ಯಾವುದೋ ಮರೆತಿದ್ದೇನೆ. ಕಬಾಸೊಗೆ, ಗೋಲ್‌ಕೀಪರಿಗೆ, ನಿನ್ನ ಕೋಣೆಯವರಿಗೆ ನನ್ನ ನೆನಪು ಹೇಳು. ನಿನ್ನ ಕಾಲಿಗೆ ದೇವರ ಕಾವಲಿರಲಿ, ನಿನ್ನ ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ.

ನಿನ್ನ ಅಪ್ಪ,
ಶಿ ಕಪೆಂಬ್ವ

ಮರೆತೆ: ಈ ಲಕೋಟೆಯಲ್ಲಿ ಫಾರಂ ಹುಡುಕಬೇಡ, ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಇಪ್ಪತ್ತು ತುಂಬಿದವನಿಗೆ ಅಪ್ಪನ ಸಹಿ ಬೇಕಾಗಿಲ್ಲ. ಒಳಗಿರುವುದು ಕ್ಲಿನಿಕ್ಕಿನ ನಿನ್ನದೇ ಕಾರ್ಡು. ನಿಮ್ಮಮ್ಮ ಅದನ್ನೂ ಜೋಪಾನ ಮಾಡಿದ್ದಳು. ಮ್ವೆಲ್ವನದು ಮತ್ತೆ ಬೈಬಲ್ಲಿಗೆ ಸೇರುತ್ತದೆ. ಶುಕ್ರವಾರ ಮೊದಲ ಬಸ್ಸಿಗೆ ಬಂದು ಬರೆದ ಕೈ ನನ್ನದು ಅಂತ ಆಫೀಸಿನಲ್ಲಿ ನಾನೇ ಹೇಳುತ್ತೇನೆ. ಕಬಾಸೊಗೆ ಮಾತ್ರ ಅದಕ್ಕೂ ಮುಂಚೆ ನಿನ್ನ ಬಾಯಿಂದ ಗೊತ್ತಾಗಲಿ, ಅಷ್ಟು ಅವನಿಗೆ ಸಲ್ಲಬೇಕು. ಬಂದು ಬೇಲಿಯ ಹತ್ತಿರ ನಿಂತು ಕೂಗುತ್ತೇನೆ, ಎಂಟು ಅಂತಲ್ಲ. ಕೂಗಿದಾಗ ತಿರುಗಿ ನೋಡು ಮಗಾ.