ಅಮ್ಮಿಯ ಫೋಟೊ ಕೇಳಿದ್ದೆಯಲ್ಲ

ಗಂಗಾವತಿ
೨೦ ನವೆಂಬರ್ ೨೦೨೪

ಪ್ರೀತಿಯ ನೇತ್ರಕ್ಕಾ,

ನೀನೂ ಮಗಳು ದುರ್ಗಾದೇವಿಯೂ ಕುಷ್ಟಗಿಯಲ್ಲಿ ಆರಾಮಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಇಲ್ಲಿ ಭತ್ತದ ಕಟಾವು ನಡೆದಿದೆ, ಮಷೀನುಗಳ ಧೂಳಿಗೆ ಬಾಗಿಲು ತೆಗೆಯುವಂತಿಲ್ಲ. ನಮ್ಮ ಅಮ್ಮಿ ಹೋದ ಸುದ್ದಿ ತಿಳಿದು ನೀನು, "ಸಬೀನಾ, ಅಮ್ಮೀದೊಂದು ಛಲೋ ಫೋಟೊ ಕಳಸ, ನಮ್ಮ ಮನ್ಯಾಗೂ ಇರಲಿ" ಎಂದು ಮೆಸೇಜು ಹಾಕಿದ್ದೆ. ಓದಿ ಸುಮ್ಮನಾದೆ. ನೀನು ಮತ್ತೊಮ್ಮೆ ಕೇಳಿದಾಗಲೂ ಉತ್ತರ ಕೊಡಲಿಲ್ಲ. ಸಿಟ್ಟು ಬಂದಿದ್ದರೆ ಬೈದುಬಿಡು, ನಿನ್ನ ಬೈಗುಳ ನನಗೆ ಹೊಸದೇನಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅಳು ಬರುತ್ತದೆ. ಅದಕ್ಕೇ ಪತ್ರ. ಅಕ್ಷರ ಸೊಟ್ಟಗಿವೆ ಎಂದು ಗಾಬರಿಯಾಗಬೇಡ, ಅದನ್ನೂ ಹೇಳುತ್ತೇನೆ.

ನನ್ನ ಕೈ ನಡುಗುತ್ತದೆ ಅಕ್ಕಾ. ಹೋದ ವರ್ಷದಿಂದ. ಕೊಪ್ಪಳದ ಡಾಕ್ಟರು, "ನರದ ಬ್ಯಾನಿ ಐತ್ರಿ. ಗುಳಿಗಿ ತಗೊಂಡ್ರ ಸ್ವಲ್ಪ ತಡೀತೈತಿ, ಹೋಗೂದಿಲ್ಲ" ಎಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೆಂಗಸರ ಕಡೆ ಫೋಟೊ ತೆಗೆಯಲು ಹೆಂಗಸೇ ಬೇಕೆಂದು ಸುತ್ತಲಿನ ಮದುವೆಗಳಿಗೆಲ್ಲ ನನ್ನನ್ನು ಕರೆಯುತ್ತಾರೆ. ಕೈ ನಡುಗುವವಳನ್ನು ಯಾರು ಕರೆದಾರು? ಹೊಸ ಕ್ಯಾಮೆರಾ ತಂದೆ. ನಡುಕ ತಡೆಯುವ ಯಂತ್ರ ಅದರ ಹೊಟ್ಟೆಯೊಳಗೇ ಇದೆ. ಕೈ ಈ ಕಡೆ ಸರಿದರೆ ಅದು ಒಳಗಿಂದ ಆ ಕಡೆ ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ನನ್ನ ಗುಟ್ಟು ಅದೊಂದಕ್ಕೇ ಗೊತ್ತು ಎಂದುಕೊಂಡಿದ್ದೆ.

ಅದಕ್ಕೆ ಹಾಕಿದ್ದು ಮಾತ್ರ ನಿನ್ನ ಹಳೆಯ ಜೂಮ್ ಲೆನ್ಸು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಡೆಸುತ್ತಿದ್ದ ಸ್ಟುಡಿಯೋ ಬಿಟ್ಟು ನೀನು ಹಾಸ್ಟೆಲ್ ವಾರ್ಡನ್ ಆಗಿ ಹೋಗುವಾಗ ಕೊಟ್ಟದ್ದು. ಹೊಸದು ತಗೋ ಎಂದವರ ಜೊತೆಗೆಲ್ಲ ಜಗಳವಾಡಿದೆ. ಆದರೆ ಕೈಯಲ್ಲಿ ತಿರುಗಿಸುವ ಆ ಲೆನ್ಸು ಮೂಕ. ಎಷ್ಟಕ್ಕೆ ತಿರುಗಿಸಿದ್ದೇವೆಂದು ಕ್ಯಾಮೆರಾಕ್ಕೆ ಹೇಳುವುದಿಲ್ಲ. ಎಂಬತ್ತರಲ್ಲಿದ್ದರೆ ಕ್ಯಾಮೆರಾದೊಳಗೂ ನಾವೇ ಎಂಬತ್ತು ಎಂದು ಹಾಕಬೇಕು, ದೂರದ್ದನ್ನು ಹತ್ತಿರ ತರಲು ಇನ್ನೂರಕ್ಕೆ ಎಳೆದರೆ ಇನ್ನೂರು. ಎಂಬತ್ತಿರುವಾಗ ಇನ್ನೂರೆಂದು ಹೇಳಿದರೆ ಅದು ನಂಬಿ, ಬೇಕಾದ್ದಕ್ಕಿಂತ ಹೆಚ್ಚು ಸರಿದಾಡಿ, ಚಿತ್ರವನ್ನು ತಾನೇ ಕಲಕಿಬಿಡುತ್ತದೆ.

ನಿನಗೆ ಈ ಗೊಡವೆಯೇ ಇರಲಿಲ್ಲ. ಅಲುಗದಂತೆ ಲೆನ್ಸಿನ ಕೆಳಗೆ ಜೋಳ ತುಂಬಿದ ಚೀಲ ಇಟ್ಟುಕೊಂಡು ತೆಗೆಯುತ್ತಿದ್ದೆ. "ಏನ್ ನೇತ್ರಾ, ಫೋಟೊ ತಗಿಯಾಕ ಬಂದೀಯೋ ಬೀಸಾಕ ಬಂದೀಯೋ?" ಎಂದು ಅಮ್ಮಿ ಕಾಡುತ್ತಿದ್ದಳು, ನೆನಪಿದೆಯಾ? ನೀನು ಹೋದಮೇಲೆ ಆ ಚೀಲಕ್ಕೆ ಹುಳ ಬಿತ್ತು. ನಾನೇ ಬಿಸಾಡಿದೆ.

ಆಧಾರ್ ಕಾರ್ಡಿನದು ಬಿಟ್ಟರೆ ಅಮ್ಮಿಯ ಫೋಟೊ ಒಂದೂ ಇರಲಿಲ್ಲ. ಅದರಲ್ಲಿ ಅವಳು ನಮ್ಮ ಅಮ್ಮಿ ಸೈದಾನಬಿಯೋ, ಪೊಲೀಸರಿಗೆ ಸಿಕ್ಕ ಯಾವಳೋ ಎಂದು ಹೇಳಲಾಗದು. ಲೋಕದ ಮದುವೆಗಳ ಫೋಟೊವನ್ನೆಲ್ಲ ತೆಗೆದವಳ ಮನೆಯಲ್ಲಿ ತಾಯಿಯ ಮುಖವಿಲ್ಲ, ದೀಪದ ಬುಡದಲ್ಲೇ ಕತ್ತಲೆ. ಕ್ಯಾಮೆರಾ ಎತ್ತಿದರೆ, "ಗ್ವಾಡಿಗೆ ತೂಗಹಾಕೂದು ಸತ್ತವರನ್ನ. ನಾ ಇನ್ನ ಅದೀನಿ" ಎಂದು ಸೆರಗು ಎಳೆದುಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ಗಿಣಿಗೇರಾದಲ್ಲಿ ನಮ್ಮಕ್ಕನ ಮಗಳು ಅಫ್ಸಾನಾಳ ಮದುವೆಯಾಯಿತಲ್ಲ, ಅಲ್ಲಿ ತಾನೇ ಕರೆದಳು. "ಬಾ, ತಗಿ. ಮೊಮ್ಮಗಳ ಬಾಜೂಕ ಕುಂತೀನಿ. ಇದೊಂದ ಸಲ, ಮತ್ತ ಕೇಳಬ್ಯಾಡ." ಆಗ ನಾನು ದೂರದಿಂದ ಮದುಮಗಳ ಮೆಹಂದಿ ಕೈಯನ್ನು ಇನ್ನೂರಕ್ಕೆ ಎಳೆದು ತೆಗೆಯುತ್ತಿದ್ದೆ. ಇಬ್ಬರೂ ಚಿತ್ರದೊಳಗೆ ಹಿಡಿಸಲೆಂದು ಲೆನ್ಸನ್ನು ಎಂಬತ್ತಕ್ಕೆ ತಂದೆ. ಕ್ಯಾಮೆರಾಕ್ಕೆ ಹೇಳುವುದನ್ನು ಮರೆತೆ. ಅಮ್ಮಿ ನಗುತ್ತಿದ್ದಳು ನೇತ್ರಕ್ಕಾ, ಉದುರಿದ ಹಲ್ಲನ್ನು ಮುಚ್ಚಿಕೊಳ್ಳದೆ. ಪೆಂಡಾಲಿನಲ್ಲಿ ಬೆಳಕು ಕಡಿಮೆ, ಸಂತೋಷಕ್ಕೆ ನನ್ನ ಕೈ ಇನ್ನೂ ಜೋರಾಗಿ ನಡುಗಿತು. ಕ್ಯಾಮೆರಾ ಇದೆಯಲ್ಲ ಎಂಬ ಧೈರ್ಯ. ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಪ್ರತಿಯೊಂದರಲ್ಲೂ ಕಣ್ಣು ಎಲ್ಲಿ, ಮೂಗು ಎಲ್ಲಿ ತಿಳಿಯದು. ಹಿಂದೆ ಅಮ್ಮಿ ಬಂದು ನಿಂತದ್ದು ಗೊತ್ತಾಗಲಿಲ್ಲ. ತುಂಬಾ ಹೊತ್ತು ನೋಡಿದಳು. ಆಮೇಲೆ ಕಣ್ಣು ಉಜ್ಜಿಕೊಂಡು, "ನನ್ನ ಕಣ್ಣಿಗೆ ಪರದಿ ಬಂದೈತಿ ಬೇಟಿ, ಎಲ್ಲಾ ಮಂಜ ಮಂಜ ಕಾಣತೈತಿ. ನಿನ್ನ ಫೋಟೊ ಛಲೋನ ಬಂದಿರಬೇಕು" ಎಂದಳು.

ನಾನು ಹೂಂ ಎಂದೆ. ಅಷ್ಟೇ, ಹೂಂ ಎಂದುಬಿಟ್ಟೆ.

ಮರುದಿನದಿಂದ ಅಮ್ಮಿ ಹಳೆ ಬಟ್ಟೆಯ ಚೂರು ಜೋಡಿಸಿ ಕೌದಿ ಹೊಲಿಯುವುದನ್ನು ಬಿಟ್ಟಳು. ಓಣಿಯ ಬಾಣಂತಿಯರಿಗೆಲ್ಲ ಹೊಲಿದುಕೊಟ್ಟವಳು, "ಸೂಜ್ಯಾಗ ದಾರ ಹೋಗವಲ್ದು" ಎಂದು ಕೈಕಟ್ಟಿ ಕುಳಿತಳು. ಅರ್ಧ ಹೊಲಿದ ಕೌದಿ ಗೂಟಕ್ಕೆ ತೂಗಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದರೆ ಒಲ್ಲೆನೆಂದಳು. ನಾನೂ ಒತ್ತಾಯ ಮಾಡಲಿಲ್ಲ. ಅವರು ಕಣ್ಣು ಸರಿಯಿದೆ ಎಂದುಬಿಟ್ಟರೆ ನನ್ನ ಕೈಯ ಸುದ್ದಿ ಹೊರಬರುತ್ತಿತ್ತು. ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ಹೋಗಿಬಿಟ್ಟಳು.

ಕಳಿಸಲು ನನ್ನ ಹತ್ತಿರ ಏನೂ ಇಲ್ಲ ಅಕ್ಕಾ. ಕಣ್ಣು ಮುಚ್ಚಿ ಅಮ್ಮಿಯನ್ನು ನೆನೆದರೂ ಆ ಕಲಕಿದ ಮುಖವೇ ಬರುತ್ತದೆ, ಅವಳ ನಿಜವಾದ ಮುಖ ಬರುವುದಿಲ್ಲ. ಬೇವೂರಿನ ಮದುವೆಯೊಂದಕ್ಕೆ ಬರುವುದಿಲ್ಲ ಎಂದು ಹೇಳಿದೆ. ಇನ್ನು ಯಾವುದಕ್ಕೂ ಹೋಗುವುದಿಲ್ಲ. ನಿನ್ನ ಲೆನ್ಸು ಕಪಾಟಿನಲ್ಲಿದೆ, ಬಂದಾಗ ಒಯ್ದುಬಿಡು.

ದುರ್ಗಾದೇವಿಗೆ ನನ್ನ ದುವಾ. ಅವಳು ಚೆನ್ನಾಗಿ ಓದಲಿ. ನಿನ್ನ ಕಣ್ಣು, ಕೈ ಎರಡನ್ನೂ ದೇವರು ನೆಟ್ಟಗೆ ಇಟ್ಟಿರಲಿ.

ನಿನ್ನ
ಸಬೀನಾ

ತಾ.ಕ.: ಮಡಚಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಹೇಳದೆ ಕಳಿಸಲಾಗಲಿಲ್ಲ. ನಿನ್ನೆ ಅಮ್ಮಿಯ ಟ್ರಂಕು ತೆಗೆದೆ. ಸೀರೆಗಳ ಕೆಳಗೆ ಒಂದು ಪುಟ್ಟ ಚೀಲವಿತ್ತು. ಚೂರುಗಳನ್ನು ಜೋಡಿಸಿ ಕೌದಿಯ ಹಾಗೆ ಹೊಲಿದದ್ದು. ಒಳಗೆ ಜೋಳ, ಹುಳ ಬೀಳದಂತೆ ಬೇವಿನ ಎಲೆ, ಮೇಲೆ ಲೆನ್ಸು ಕೂರುವಷ್ಟು ತಗ್ಗು. ನಡುವಿನ ಹಸಿರು ಚೂರು, ಮದುವೆಯ ದಿನ ಅಫ್ಸಾನಾಳ ಅತ್ತೆ ಅಮ್ಮಿಗೆ ಕೊಟ್ಟ ಕುಬಸದ ಬಟ್ಟೆಯದು. ಹಾಗಾದರೆ ಇದನ್ನು ಹೊಲಿದದ್ದು ಆ ಫೋಟೊ ನೋಡಿದ ಮೇಲೆ, ನಾನು ಮನೆಯಲ್ಲಿಲ್ಲದಾಗ. ಹೊಲಿಗೆ ಎಳ್ಳಿನಷ್ಟು ಸಣ್ಣದು, ಒಂದೂ ಸೊಟ್ಟಗಿಲ್ಲ. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ, ನೇತ್ರಕ್ಕಾ.